ಆಫೀಸಿಗೆ ಚೆನ್ನೆಮಣೆ ಹೊತ್ತುಕೊಂಡು ಹೋದ ಕಥೆ

ನಮ್ಮದು ಎಂಟು ಜನರ ಸಾಫ್ಟ್‌ವೇರ್ ಟೀಮು. ಮಂಗಳೂರಿನ ಬಿಜೈ ಕಡೆ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಆಫೀಸು. ಎರಡು ವಾರಕ್ಕೊಂದು ಸ್ಪ್ರಿಂಟ್, ಅಂದರೆ ಒಂದು ಕಂತಿನ ಕೆಲಸ, ಅದು ಮುಗಿದ ಮೇಲೆ ಒಂದು ರೆಟ್ರೋ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಹೋದ ಎರಡು ವಾರ ಕೆಲಸ ಹೇಗೆ ನಡೆಯಿತು, ಎಲ್ಲಿ ಎಡವಿದೆವು, ಮುಂದಿನ ಸಲಕ್ಕೆ ಏನು ಬದಲಿಸೋಣ ಅಂತ ಟೀಮಿನವರು ಕೂತು ಮಾತಾಡುವ ಸಭೆ ಅದು.

ಮಾತಾಡುವ ಸಭೆ ಅಂತ ಹೆಸರಿಗೆ ಮಾತ್ರ. ಪರದೆಯ ಮೇಲೆ ಮೂರು ಕಾಲಂ ಇರುತ್ತಿತ್ತು. ಚೆನ್ನಾಗಿ ಆಗಿದ್ದು, ಚೆನ್ನಾಗಿ ಆಗದ್ದು, ಮುಂದೆ ಮಾಡಬೇಕಾದ್ದು. ಮೊದಲನೆಯದರಲ್ಲಿ ‘ಟೀಮ್ ವರ್ಕ್’ ಅಂತ ಮೂರು ಜನ ಬರೆಯುತ್ತಿದ್ದರು. ಎರಡನೆಯದರಲ್ಲಿ ‘ಇಂಟರ್ನೆಟ್ ಸ್ಲೋ’ ಅಂತ ಇಬ್ಬರು. ಮೂರನೆಯದು ಖಾಲಿ. ಇಪ್ಪತ್ತು ನಿಮಿಷಕ್ಕೆ ಎಲ್ಲರೂ ಲ್ಯಾಪ್‌ಟಾಪ್ ಮಡಚಿ ಎದ್ದು ಹೋಗುತ್ತಿದ್ದರು. ನಡೆಸುವವಳು ನಾನು. ಪ್ರತಿ ಸಲ ಕೊನೆಗೆ ‘ಬೇರೆ ಏನಾದ್ರೂ ಉಂಟಾ?’ ಅಂತ ಕೇಳಿ, ಯಾರೂ ಮಾತಾಡದೆ ಇದ್ದಾಗ ‘ಸರಿ ಹಾಗಾದ್ರೆ’ ಅನ್ನುವುದು ನನಗೂ ಸಾಕಾಗಿತ್ತು.

ಈ ಸಲ ಏನಾದರೂ ಆಟದ ರೂಪದಲ್ಲಿ ಮಾಡೋಣ ಅಂತ ಹೊರಟೆ. ಹಾಯಿದೋಣಿಯ ಚಿತ್ರ ಬಿಡಿಸಿ, ಮುಂದೆ ತಳ್ಳುವ ಗಾಳಿ ಯಾವುದು, ಹಿಡಿದು ನಿಲ್ಲಿಸುವ ಲಂಗರು ಯಾವುದು ಅಂತ ಚೀಟಿ ಅಂಟಿಸುವ ಆಟವೊಂದು ಬಹಳ ಕಡೆ ಚಾಲ್ತಿಯಲ್ಲಿದೆ. ಒಮ್ಮೆ ಮಾಡಿದ್ದೆವು. ದೋಣಿ ಚೆನ್ನಾಗಿತ್ತು, ಚೀಟಿಗಳು ಅವೇ. ಲಂಗರಿನ ಮೇಲೂ ‘ಇಂಟರ್ನೆಟ್ ಸ್ಲೋ’.

ಚೆನ್ನೆಮಣೆ ನೆನಪಾದದ್ದು ಸುಮ್ನೆ. ಕೆಲವು ಕಡೆ ಅಳಿಗುಳಿ ಮಣೆ ಅನ್ನುತ್ತಾರಲ್ಲ, ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗುವ ಆಟದ ಮಣೆ, ಅದು. ಜುಲೈ ಕೊನೆ, ಹೊರಗೆ ಜೋರು ಮಳೆ. ತುಳುವರ ಲೆಕ್ಕದಲ್ಲಿ ಆಟಿ ತಿಂಗಳು. ನಾಟಿ ಮುಗಿದಿರುತ್ತದೆ, ಮಳೆಗೆ ಹೊರಗೆ ಕಾಲಿಡಲು ಆಗುವುದಿಲ್ಲ, ಮದುವೆ ಮುಂಜಿಯಂತೂ ಇಲ್ಲವೇ ಇಲ್ಲ. ಅಟ್ಟದಿಂದ ಚೆನ್ನೆಮಣೆ ಇಳಿಸುವುದು ಆಗಲೇ. ಸಣ್ಣವಳಿದ್ದಾಗ ಅಜ್ಜಿಯ ಎದುರು ಕೂತು ಆಡಿ ಸೋತದ್ದು ಲೆಕ್ಕವಿಲ್ಲ. ಒಂದು ಸಾಲಿಗೆ 7 ಗುಳಿ, ಎರಡು ಸಾಲು ಸೇರಿ 14. ಒಂದೊಂದು ಗುಳಿಗೆ 4 ಮಂಜೊಟ್ಟಿ, ಅಂದರೆ ಕೆಂಪು ಬೀಜ, ಒಟ್ಟು 56.

ಬಸ್ಸಿನಲ್ಲಿ ಕೂತು ಈ ಲೆಕ್ಕ ಹಾಕುವಾಗ ತಟ್ಟನೆ ಹೊಳೆಯಿತು. 14 ಗುಳಿ ಅಂದರೆ ಎರಡು ವಾರದ 14 ದಿನ. ನಾವು ಎಂಟು ಜನ. 56 ಬೀಜ ಹಂಚಿದರೆ ತಲೆಗೆ ಸರಿಯಾಗಿ ಏಳು. ಒಂದೂ ಉಳಿಯುವುದಿಲ್ಲ, ಒಂದೂ ಕಡಿಮೆಯಾಗುವುದಿಲ್ಲ. ಲಾಲ್‌ಬಾಗ್‌ನಲ್ಲಿ ಇಳಿಯುವವಳು ಮುಂದಿನ ಸ್ಟಾಪಿನಲ್ಲಿ ಇಳಿದೆ.

ಮೊದಲು ಅನುಮತಿ. ಮ್ಯಾನೇಜರ್ ಹತ್ತಿರ ಹೋಗಿ ಒಂದೂವರೆ ಗಂಟೆ ಬೇಕು ಅಂದೆ. ಅವರು ಕ್ಯಾಲ್ಕುಲೇಟರ್ ತೆಗೆಯದೆಯೇ ಹೇಳಿದರು, ‘ಎಂಟು ಜನ, ಒಂದೂವರೆ ಗಂಟೆ, 12 ಗಂಟೆ ಆಯ್ತು. ಟೈಮ್‌ಶೀಟಲ್ಲಿ ಯಾವ ಕೋಡಿಗೆ ಹಾಕ್ತೀರಿ?’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಬಿಟ್ಟು ಉತ್ತರ ಹುಡುಕಿಕೊಂಡು ಹೋದೆ. ಹೀಗೆ ಸ್ಪ್ರಿಂಟ್ ಮಾಡಿ ಕೆಲಸ ಮಾಡುವ ಪದ್ಧತಿಗೆ ಸ್ಕ್ರಮ್ ಅನ್ನುತ್ತಾರೆ. ಅದರ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್ ಪ್ರಕಾರ ಒಂದು ತಿಂಗಳ ಸ್ಪ್ರಿಂಟಿಗೆ ರೆಟ್ರೋ ಹೆಚ್ಚೆಂದರೆ ಮೂರು ಗಂಟೆ. ನಮ್ಮದು ಎರಡು ವಾರದ್ದು, ಅರ್ಧ ಅಂದರೂ ಒಂದೂವರೆ. ರೆಟ್ರೋ ಕೂಡ ಸ್ಪ್ರಿಂಟಿನ ಭಾಗವೇ, ಆದ್ದರಿಂದ ಪ್ರಾಜೆಕ್ಟ್ ಕೋಡಿಗೇ ಹಾಕಬಹುದು ಅಂದೆ. ಒಪ್ಪಿದರು. ನೀವೂ ಹೊರಟಿದ್ದರೆ ‘ಫನ್ ಆಕ್ಟಿವಿಟಿ’ ಅಂತ ಮೇಲ್ ಬರೆಯಬೇಡಿ. ಹಾಗೆ ಬರೆದ ಕೂಡಲೇ ಅದು ಎಚ್.ಆರ್. ಕಡೆ ಹೋಗುತ್ತದೆ, ಅಲ್ಲಿಂದ ಒಂದು ಫಾರ್ಮು ಬರುತ್ತದೆ, ಫಾರ್ಮಿನಲ್ಲಿ ‘ಕನಿಷ್ಠ ಐದು ಫೋಟೋ’ ಅಂತ ಇರುತ್ತದೆ. ನಾನು ಬರೆದಿದ್ದೆ. ಫೋಟೋ ತೆಗೆಯುವವರು ಒಳಗಿದ್ದರೆ ಯಾರು ಬಾಯಿ ಬಿಡುತ್ತಾರೆ? ಮಣೆಯದ್ದು ಮಾತ್ರ ಕೊಡುತ್ತೇನೆ, ಮುಖಗಳದ್ದು ಇಲ್ಲ ಅಂತ ಒಪ್ಪಿಸುವುದಕ್ಕೆ ನಾಲ್ಕು ಮೇಲ್ ಓಡಾಡಿತು.

ಮ್ಯಾನೇಜರ್ ತಾವೂ ಕೂರುತ್ತೇನೆ ಅಂದರು. ಇದು ಎಲ್ಲಕ್ಕಿಂತ ಕಷ್ಟದ ಘಟ್ಟ. ಒಳ್ಳೆಯ ಮನುಷ್ಯ, ಬೇಡ ಅನ್ನಲು ಬಾಯಿ ಬರುವುದಿಲ್ಲ. ‘ಸರ್, ಕೊನೆಯ ಕಾಲು ಗಂಟೆಗೆ ಚಾ ಕುಡಿಯಲು ಬನ್ನಿ, ಗೋಳಿಬಜೆ ಬಿಸಿ ಇರುತ್ತದೆ’ ಅಂದೆ. ಅರ್ಥವಾಯಿತು ಅವರಿಗೆ. ನಕ್ಕರು.

ಇನ್ನು ಮಣೆ. ಪೇಟೆಯಲ್ಲಿ ಕೇಳಿದೆ. ಹೊಸ ಮರದ ಮಣೆಗೆ ಅವರು ಹೇಳಿದ ಕ್ರಯಕ್ಕೆ ನಮ್ಮ ಇಡೀ ಟೀಮು ಎರಡು ಸಲ ಊಟ ಮಾಡಬಹುದಿತ್ತು. ಭಾನುವಾರ ಅಜ್ಜಿ ಮನೆಗೇ ಹೋದೆ. ಬಿ.ಸಿ. ರೋಡ್ ದಾಟಿ ಗುರುವಾಯನಕೆರೆಯಲ್ಲಿ ಇಳಿದು ಅಲ್ಲಿಂದ ಆಟೋ. ಹೋಗಿ ಬರುವುದಕ್ಕೆ ಎಲ್ಲ ಸೇರಿ 340 ರೂಪಾಯಿ, ಒಂದು ಇಡೀ ದಿನ, ಒಂದು ಮುರಿದ ಕೊಡೆ.

ಅಜ್ಜಿ ಮಣೆ ಕೊಡಲು ಸುಲಭಕ್ಕೆ ಒಪ್ಪಲಿಲ್ಲ. ‘ಆಫೀಸಲ್ಲಿ ಚೆನ್ನೆ ಆಡುವುದಾ? ಸಂಬಳ ಕೊಡುವವ ಏನೂ ಹೇಳುವುದಿಲ್ವಾ?’ ಅಂತ ಕೇಳಿದಳು. ಆಮೇಲೆ ಅಬ್ಬಗ ದಾರಗರ ವಿಷಯ ತೆಗೆದಳು. ತುಳುವರ ಹಾಡುಗತೆಯಾದ ಸಿರಿಯ ಪಾಡ್ದನದಲ್ಲಿ ಬರುವ ಅವಳಿ ಅಕ್ಕತಂಗಿಯರು. ಚೆನ್ನೆ ಆಡುವಾಗ ಜಗಳ ಹತ್ತಿ, ಒಬ್ಬಳು ಮಣೆಯಲ್ಲೇ ಇನ್ನೊಬ್ಬಳ ತಲೆಗೆ ಹೊಡೆದಳು. ಅಲ್ಲಿಗೆ ಇಬ್ಬರದೂ ಮುಗಿಯಿತು. ‘ಸೋಲು ಗೆಲುವು ಬಂದರೆ ಒಡಹುಟ್ಟಿದವರೂ ಒಡಹುಟ್ಟಿದವರಲ್ಲ. ನೀನು ಇದನ್ನು ಹೊರಗಿನವರ ನಡುವೆ ಇಡುತ್ತೀಯಲ್ಲ’ ಅಂದಳು. ಕೊನೆಗೆ ಎರಡು ಕರಾರು ಹಾಕಿದಳು. ಆಟಿ ಮುಗಿಯುವ ಮೊದಲು ಮಣೆ ಅಟ್ಟಕ್ಕೆ ವಾಪಸ್ ಬರಬೇಕು. ಬೀಜ ಎಣಿಸಿ ಕೊಡುತ್ತೇನೆ, ಎಣಿಸಿ ತರಬೇಕು.

ಹಲಸಿನ ಮರದ್ದು, ಕೈ ಆಡಿ ಆಡಿ ಗುಳಿಗಳ ಅಂಚು ನುಣುಪಾಗಿದೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬಂದೆ. ನಿಮಗೆ ಮಣೆ ಸಿಗದಿದ್ದರೆ 14 ಪೇಪರ್ ಕಪ್ ಸಾಲಾಗಿ ಇಟ್ಟರೂ ಆಗುತ್ತದೆ, ಬೀಜಕ್ಕೆ ಹುಣಸೆ ಬೀಜ ಸಾಕು. ಗುಲಗಂಜಿ ಮಾತ್ರ ಬೇಡ. ಮಂಜೊಟ್ಟಿ ಪೂರ್ತಿ ಕೆಂಪು. ಗುಲಗಂಜಿಗೆ ಕಪ್ಪು ಚುಕ್ಕೆ ಇರುತ್ತದೆ, ಅದು ವಿಷ. ಮೇಜಿನ ಮೇಲೆ ಇಟ್ಟು ಮರೆತು, ಯಾರದ್ದಾದರೂ ಮಗುವಿನ ಕೈಗೆ ಸಿಕ್ಕಿದರೆ ಕಥೆ ಬೇರೆ.

ಸೋಮವಾರ ಸಂಜೆ ಇಬ್ಬರನ್ನು ಕೂರಿಸಿ ಒಂದು ಪ್ರಯೋಗ ಮಾಡಿದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ನಿಜವಾದ ಚೆನ್ನೆ ಆಟ. ಬೀಜ ಗೆದ್ದವರು ಒಂದು ಸಮಸ್ಯೆ ಹೇಳುವುದು, ಜಾಸ್ತಿ ಗೆದ್ದವರಿಗೆ ಚಾಕಲೇಟು. ನಲವತ್ತು ನಿಮಿಷ ಆಡಿದರು. ಒಬ್ಬ ಗೆದ್ದ, ಇನ್ನೊಬ್ಬ ‘ನೀನು ಎರಡು ಬೀಜ ಒಟ್ಟಿಗೆ ಹಾಕಿದೆ’ ಅಂತ ತಕರಾರು ತೆಗೆದ. ಕೆಲಸದ ಬಗ್ಗೆ ಒಂದೇ ಒಂದು ಮಾತು ಬರಲಿಲ್ಲ. ಅಜ್ಜಿ ಹೇಳಿದ್ದು ನೆನಪಾಯಿತು. ಅಂಕ, ಗೆಲುವು, ಚಾಕಲೇಟು ಎಲ್ಲ ತೆಗೆದುಹಾಕಿದೆ.

ಉಳಿದದ್ದು ಇಷ್ಟು. ಹತ್ತಿರದ ಸಾಲು ಮೊದಲ ವಾರ, ಎಡದಿಂದ ಬಲಕ್ಕೆ ಸೋಮವಾರದಿಂದ ಭಾನುವಾರ. ಚೆನ್ನೆಯಲ್ಲಿ ಬೀಜ ಬಿತ್ತುತ್ತಾ ಸಾಲಿನ ತುದಿ ಮುಟ್ಟಿದಾಗ ಎದುರಿನ ಸಾಲಿಗೆ ತಿರುಗುತ್ತೇವಲ್ಲ, ಹಾಗೆಯೇ ಎರಡನೇ ವಾರ ಬಲದಿಂದ ಎಡಕ್ಕೆ. ಒಬ್ಬೊಬ್ಬರಿಗೆ ಏಳು ಬೀಜ. ಯಾವ ದಿನ ತಲೆ ಕೆಟ್ಟಿತೋ, ಸುಮ್ಮನೆ ಹೊತ್ತು ಹಾಳಾಯಿತೋ, ಆ ಗುಳಿಗೆ ಹಾಕುವುದು. ಏಳನ್ನೂ ಒಂದೇ ಗುಳಿಗೆ ಸುರಿದರೂ ಸರಿ. ಮಣೆ ಪಕ್ಕದ ಕೋಣೆಯಲ್ಲಿ ಇರುತ್ತದೆ. ಒಬ್ಬೊಬ್ಬರೇ ಹೋಗಿ ಹಾಕಿ ಬರುವುದು. ಆಮೇಲೆ ಮಣೆಯನ್ನು ನಡುವೆ ತಂದಿಟ್ಟು, ಎಲ್ಲಿ ರಾಶಿ ಜಾಸ್ತಿ ಇದೆಯೋ ಅಲ್ಲಿಂದ ಬೀಜ ಎತ್ತಿ ಹಿಂದಕ್ಕೆ ಬಿತ್ತುವುದು. ಒಂದು ದಿನ ಹಿಂದೆ ಒಂದು ಬೀಜ, ಆ ದಿನ ಏನಾಯಿತು ಅಂತ ಒಂದು ಮಾತು. ಹೇಳಲು ಏನೂ ಇಲ್ಲ ಅಂದರೆ ನಿಲ್ಲಿಸುವುದು. ತೊಂದರೆಯ ಬುಡ ಹುಡುಕಲು ಟೊಯೊಟಾ ಕಾರ್ಖಾನೆಯಿಂದ ಬಂದ ‘ಐದು ಸಲ ಯಾಕೆ ಅಂತ ಕೇಳು’ ಅನ್ನುವ ಪದ್ಧತಿ ಗೊತ್ತಿದ್ದವರಿಗೆ ಇದು ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ನೇರವಾಗಿ ‘ಯಾಕೆ?’ ಅಂತ ಕೇಳಿದರೆ ಪೊಲೀಸು ಕೇಳಿದ ಹಾಗೆ ಆಗುತ್ತದೆ. ಕೈಯಲ್ಲಿ ಬೀಜ ಇದ್ದರೆ ಹಾಗೆ ಅನಿಸುವುದಿಲ್ಲ ಅಂತ ನನ್ನ ಲೆಕ್ಕಾಚಾರ. ಚೆನ್ನೆಯಲ್ಲಿ ಹಿಂದಕ್ಕೆ ಬಿತ್ತುವ ಕ್ರಮ ಇಲ್ಲ. ಅದನ್ನು ಅಜ್ಜಿಗೆ ಹೇಳಿಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ಅಂತ ಎಲ್ಲರಿಗೂ ಕಳಿಸಿದೆ. ಗುರುವಾರ ರಾತ್ರಿ ರೆಡ್ ಅಲರ್ಟ್ ಬಂತು, ಮರುದಿನ ಶಾಲೆಗೆ ರಜೆ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಏನೇ ಇಟ್ಟುಕೊಳ್ಳುವುದಿದ್ದರೂ ಇದಕ್ಕೊಂದು ದಿನ ಬಿಟ್ಟಿರಿ. ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದರು. ಕೊಟ್ಟಾರ ಚೌಕಿಯಲ್ಲಿ ನೀರು ನಿಂತು ಇನ್ನೊಬ್ಬ ಅರ್ಧ ದಾರಿಯಿಂದ ಹಿಂದೆ ಹೋದ. ಸೋಮವಾರಕ್ಕೆ ಹಾಕಿದೆ. ಸೋಮವಾರ ಕೋಣೆಯಲ್ಲಿ ಇಂಟರ್‌ವ್ಯೂ. ಒಂದು ವಾರ ಮೊದಲೇ ಬುಕ್ ಮಾಡಿದ್ದೆ ಅಂತ ತೋರಿಸಿದರೂ ಕ್ಯಾಂಡಿಡೇಟ್ ಬಂದು ಕೂತಿದ್ದಾನೆ ಅಂದರು. ಕೊನೆಗೆ ಮಂಗಳವಾರ. ಇಷ್ಟು ತಡವಾದರೆ ಜನರಿಗೆ ಮೊದಲ ವಾರದ್ದು ಮರೆತೇ ಹೋಗುತ್ತದೆ. ಹಾಗಾಗಿ ದಿನಕ್ಕೊಂದು ಸಾಲಿನಂತೆ 14 ದಿನ ಏನೇನು ನಡೆಯಿತು ಅಂತ ಚೀಟಿ ಬರೆದು ಮಣೆಯ ಪಕ್ಕ ಇಟ್ಟೆ. ಶನಿವಾರ ಭಾನುವಾರದ ಎದುರು ‘ರಜೆ’ ಅಂತ ಬರೆದೆ.

ಮಂಗಳವಾರ ಆರು ಜನ ಆಫೀಸಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಒಬ್ಬಳು ಉಡುಪಿಯಲ್ಲಿ ಮನೆಯಿಂದ. ದೂರ ಇದ್ದವರು ತಮ್ಮ ಬೀಜದ ಲೆಕ್ಕವನ್ನು ರಿಸೆಪ್ಷನ್‌ನ ಹುಡುಗಿಗೆ ವಾಟ್ಸಾಪ್ ಮಾಡಿದರು, ಅವಳು ಹೋಗಿ ಹಾಕಿ ಬಂದಳು. ಟೀಮಿನ ಹೊರಗಿನವರೇ ಹಾಕಬೇಕು, ಇದು ಮುಖ್ಯ. ಮಣೆ ಕಾಣಿಸಲಿ ಅಂತ ಟಿಫಿನ್ ಕ್ಯಾರಿಯರ್ ಮೇಲೆ ಫೋನ್ ಮಲಗಿಸಿ ಕ್ಯಾಮೆರಾ ಕೆಳಗೆ ಮಾಡಿದೆ. ಹಳೆ ಮರ ಕಪ್ಪಾಗಿದ್ದರಿಂದ ಬೀಜ ಎಣಿಸಲು ಆಗುತ್ತಿಲ್ಲ ಅಂದರು. ಒಬ್ಬ ಟಾರ್ಚ್ ಹಿಡಿದು ನಿಂತ.

ನಮ್ಮ ಸೀನಿಯರ್ ಒಬ್ಬರಿದ್ದಾರೆ. ಒಳಗೆ ಬಂದವರೇ, ‘ಎಂತ ಮಾರಾಯ್ತಿ, ಇದು ಆಫೀಸಾ ಅಂಗನವಾಡಿಯಾ?’ ಅಂದರು. ಎಲ್ಲರೂ ನಕ್ಕರು. ನನಗೆ ಒಳಗೊಳಗೆ ಮುಖ ಸಣ್ಣದಾಯಿತು. ಆದರೆ ಪಕ್ಕದ ಕೋಣೆಗೆ ಹೋಗಿ ಹೊರಬರಲು ಎಲ್ಲರಿಗಿಂತ ಜಾಸ್ತಿ ಹೊತ್ತು ತೆಗೆದುಕೊಂಡವರು ಅವರೇ.

ಶುರುವಿನಲ್ಲಿ ಒಂದು ಮಾತು ಹೇಳಿದೆ. ಇಂಥ ಸಭೆಗಳಲ್ಲಿ ಅನೇಕರು ಓದುವಂಥದ್ದು ಅದು, ನಾನು ನನ್ನ ಭಾಷೆಯಲ್ಲಿ ಹೇಳಿದೆ. ಆ ಹೊತ್ತಿಗೆ ಗೊತ್ತಿದ್ದದ್ದರಲ್ಲಿ, ಕೈಯಲ್ಲಿ ಇದ್ದದ್ದರಲ್ಲಿ, ಪ್ರತಿಯೊಬ್ಬರೂ ತಮ್ಮಿಂದ ಆದಷ್ಟು ಚೆನ್ನಾಗಿಯೇ ಮಾಡಿದ್ದಾರೆ, ಹಾಗೆ ನಂಬಿಕೊಂಡು ಮಾತಾಡೋಣ ಅಂತ. ಅದು ನನಗೇ ಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ.

ಮಣೆ ತಂದಿಟ್ಟಾಗ ಬಲತುದಿ ತುಂಬಿ ಹೋಗಿತ್ತು. ಎರಡನೇ ವಾರದ ಸೋಮವಾರದಲ್ಲಿ 14 ಬೀಜ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅವತ್ತು ಬೆಳಿಗ್ಗೆ ಗಿರಾಕಿಗೆ ಡೆಮೊ ಇತ್ತು, ಲಾಗಿನ್ ಆಗದೆ ನಲವತ್ತು ನಿಮಿಷ ತಡವಾಗಿತ್ತು. ಆದರೆ ಅದರ ಪಕ್ಕದ ಗುಳಿಯಲ್ಲಿ ಏಳು. ಅದು ಭಾನುವಾರ. ಚೀಟಿಯಲ್ಲಿ ‘ರಜೆ’ ಅಂತ ನಾನೇ ಬರೆದ ದಿನ.

ಏಳು ಅಂದರೆ ಒಬ್ಬರ ಪಾಲು. ಎಲ್ಲರೂ ಒಂದೇ ಸಲ ಆ ಲೆಕ್ಕ ಹಾಕಿದ್ದು ಮುಖದಲ್ಲೇ ಕಾಣಿಸಿತು. ಸೀನಿಯರ್ ‘ಯಾರು ಮಾರ್ರೆ ಭಾನುವಾರಕ್ಕೆ...’ ಅಂತ ಶುರು ಮಾಡಿದರು. ನಾನು ಕೈ ಅಡ್ಡ ಮಾಡಿದೆ. ಯಾರು ಅಂತ ಕೇಳುವ ಹಾಗಿಲ್ಲ, ಮೊದಲೇ ಹೇಳಿದ್ದೆ. ಸೋಮವಾರದ 14 ಬೀಜ ಎತ್ತಿಕೊಂಡು ಮೊದಲನೆಯದನ್ನು ಭಾನುವಾರಕ್ಕೆ ಹಾಕಿದೆ. ಟಕ್ ಅಂತ ಸದ್ದು. ‘ಭಾನುವಾರ ಏನಾಯಿತು?’

ಯಾರೂ ಮಾತಾಡಲಿಲ್ಲ. ಹೊರಗೆ ಶೀಟಿನ ಮೇಲೆ ಮಳೆ ಹೊಡೆಯುತ್ತಿತ್ತು. ಕಾಯುವುದು ಬಹಳ ಕಷ್ಟ. ಹಳೆಯ ಅಭ್ಯಾಸದಲ್ಲಿ ‘ಸರಿ ಹಾಗಾದ್ರೆ’ ಅನ್ನಲು ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಕೂತೆ.

‘ನಾನು ಅಕ್ಕ’ ಅಂತ ಫೋನಿನಿಂದ ಬಂತು. ಉಡುಪಿಯಿಂದ ಸೇರಿದ್ದವಳು, ನಮ್ಮ ಟೆಸ್ಟಿಂಗ್ ಹುಡುಗಿ. ರೆಟ್ರೋಗಳಲ್ಲಿ ‘ಟೀಮ್ ವರ್ಕ್’ ಅಂತ ಬರೆಯುವ ಮೂವರಲ್ಲಿ ಒಬ್ಬಳು. ಭಾನುವಾರ ಬೆಳಿಗ್ಗೆ ಲಾಗಿನ್ ಆಗಿ ನೋಡಿದರೆ ಟೆಸ್ಟ್ ಸರ್ವರಿನಲ್ಲಿ ಅವಳು ಹಾಕಿದ್ದ ಡೇಟಾ ಒಂದೂ ಇಲ್ಲ. ಶನಿವಾರ ರಾತ್ರಿ ಸರ್ವರ್ ರಿಫ್ರೆಶ್ ಆಗಿ ಎಲ್ಲ ಅಳಿಸಿ ಹೋಗಿತ್ತು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರ ತನಕ ಕೂತು ಎಲ್ಲ ಮತ್ತೆ ಹಾಕಿದ್ದಾಳೆ. ಮನೆಯಲ್ಲಿ ಅವತ್ತು ಅಕ್ಕನ ಮಗುವಿನ ನಾಮಕರಣ. ಎರಡು ಲಾಗಿನ್ ಬಿಟ್ಟುಹೋಯಿತು, ಸೋಮವಾರ ಕೈಕೊಟ್ಟದ್ದು ಅದೇ.

‘ಯಾಕೆ ಹೇಳಲಿಲ್ಲ?’ ಅಂತ ಯಾರೋ ಕೇಳಿದರು. ‘ಎಲ್ಲಿ ಹೇಳುವುದು? ನಮ್ಮ ಕೆಲಸದ ಬೋರ್ಡಲ್ಲಿ ಭಾನುವಾರ ಇರುವುದೇ ಇಲ್ಲವಲ್ಲ’ ಅಂದಳು.

ಎರಡನೇ ಬೀಜ ಶನಿವಾರಕ್ಕೆ. ಶನಿವಾರದ ಗುಳಿ ಖಾಲಿ ಇತ್ತು, ಯಾರೂ ಒಂದನ್ನೂ ಹಾಕಿರಲಿಲ್ಲ. ಬೀಜ ನನ್ನ ಕೈಯಲ್ಲಿ. ಏನಾಯಿತು ಅಂತ ಕೇಳುವ ಮೊದಲೇ ನನಗೆ ಗೊತ್ತಾಯಿತು. ಶನಿವಾರ ರಾತ್ರಿ ಒಂಬತ್ತೂವರೆಗೆ, ಊಟ ಮಾಡಿ ಟಿ.ವಿ. ಎದುರು ಕೂತು, ನಾನೇ ಅವಳಿಗೆ ಮೆಸೇಜ್ ಮಾಡಿದ್ದೆ. ‘ಸೋಮವಾರ ಡೆಮೊ ಉಂಟಲ್ಲ, ಒಮ್ಮೆ ನೋಡಿಬಿಡು.’ ಕೆಳಗೆ ಒಂದು ನಗುವ ಮುಖ. ಕಳಿಸಿ ಮರೆತಿದ್ದೆ. ಎಲ್ಲರೆದುರು ಅದನ್ನು ಓದಿದೆ. ಕಿವಿ ಬಿಸಿಯಾಯಿತು. ‘ನೀವು ಒಳ್ಳೆದಕ್ಕೇ ಹೇಳಿದ್ದು ಅಕ್ಕ’ ಅಂತ ಅವಳು ಅಂದಳು, ಅದು ಇನ್ನೂ ಕಷ್ಟವಾಯಿತು.

ಮೂರನೆಯದು ಶುಕ್ರವಾರಕ್ಕೆ. ಸಂಜೆ ಆರೂವರೆಗೆ ಗಿರಾಕಿಯ ಕಡೆಯಿಂದ ಒಂದು ಮೇಲ್ ಬಂದಿತ್ತು, ಇನ್ನು ಮುಂದೆ ರಿಫ್ರೆಶ್ ಬುಧವಾರ ರಾತ್ರಿ ಅಲ್ಲ, ಶನಿವಾರ ರಾತ್ರಿ ಅಂತ. ಎಂಟೂ ಜನರಿಗೆ ಬಂದಿತ್ತು, ಎಂಟೂ ಜನ ಓದಿರಲಿಲ್ಲ. ಸೀನಿಯರ್ ಫೋನ್ ತೆಗೆದು ನೋಡಿ, ‘ನಂದು ಇನ್ನೂ ಬೋಲ್ಡಲ್ಲೇ ಉಂಟು’ ಅಂದರು. ನಾಲ್ಕನೇ ಬೀಜಕ್ಕೆ ಹೇಳಲು ಯಾರಿಗೂ ಏನೂ ಇರಲಿಲ್ಲ. ಉಳಿದ ಹನ್ನೊಂದನ್ನು ಸೋಮವಾರಕ್ಕೇ ವಾಪಸ್ ಹಾಕಿದೆ.

ಇನ್ನೊಂದು ರಾಶಿ ಎರಡನೇ ಶುಕ್ರವಾರದ್ದು, ಅದು ಬೇಗ ಮುಗಿಯಿತು, ರಿವ್ಯೂ ತಡವಾಗುವ ಹಳೆಯ ರಗಳೆ. ನಡುವೆ ಒಮ್ಮೆ ಕರೆಂಟ್ ಹೋಗಿ ಜನರೇಟರ್ ಬರುವ ತನಕ ಟಾರ್ಚ್ ಹಿಡಿದವನೇ ದೊಡ್ಡ ಜನವಾದ. ನಿರ್ಧಾರ ಎರಡೇ ಮಾಡಿದೆವು. ಗಿರಾಕಿಯ ಸರ್ವರ್ ಮೇಲ್‌ಗಳನ್ನು ಸೀನಿಯರ್ ಓದಿ ಗ್ರೂಪಿಗೆ ಒಂದು ಸಾಲು ಹಾಕುವುದು, ಅವರೇ ಕೇಳಿ ತೆಗೆದುಕೊಂಡರು. ಶುಕ್ರವಾರ ಏಳರಿಂದ ಸೋಮವಾರ ಒಂಬತ್ತರ ತನಕ ಯಾರೂ ಯಾರಿಗೂ ಕೆಲಸದ ಮೆಸೇಜ್ ಮಾಡುವ ಹಾಗಿಲ್ಲ, ನೆನಪಾದರೆ ಸೋಮವಾರಕ್ಕೆ ಹೋಗುವ ಹಾಗೆ ಟೈಮ್ ಇಟ್ಟು ಬಿಡುವುದು. ಎರಡಕ್ಕಿಂತ ಜಾಸ್ತಿ ಬರೆಯಬೇಡಿ. ನಾವು ಮೊದಲು ಒಮ್ಮೆ ಒಂಬತ್ತು ಬರೆದಿದ್ದೆವು, ಒಂದೂ ಆಗಲಿಲ್ಲ.

ಮಾಡಿದ್ದರಲ್ಲಿ ಒಂದು ವಿಷಯ ನನಗೆ ಈಗಲೂ ಸರಿ ಅನಿಸಿಲ್ಲ. ಯಾರು ಹಾಕಿದ್ದು ಅಂತ ಗೊತ್ತಾಗಬಾರದು ಅಂತಲೇ ಪಕ್ಕದ ಕೋಣೆ, ರಿಸೆಪ್ಷನ್ ಹುಡುಗಿ ಎಲ್ಲ ಮಾಡಿದ್ದು. ಆದರೆ ಏಳೂ ಒಂದೇ ಗುಳಿಗೆ ಬಿದ್ದಾಗ ಅದು ಒಬ್ಬರದ್ದೇ ಅಂತ ಬಯಲಾಯಿತು. ಅವಳು ಬಾಯಿ ಬಿಡದಿದ್ದರೂ ಎಲ್ಲರೂ ಊಹಿಸುತ್ತಿದ್ದರು. ಒಂದು ಗುಳಿಗೆ ಒಬ್ಬರದ್ದು ಮೂರಕ್ಕಿಂತ ಜಾಸ್ತಿ ಬೇಡ ಅಂತ ನಿಯಮ ಮಾಡಬಹುದಿತ್ತು. ಹಾಗೆ ಮಾಡಿದ್ದರೆ ಭಾನುವಾರದಲ್ಲಿ ಮೂರು ಬೀಜ ಇರುತ್ತಿತ್ತು, ಯಾರೋ ತಪ್ಪಿ ಹಾಕಿದ್ದಾರೆ ಅಂತ ದಾಟಿಬಿಡುತ್ತಿದ್ದೆವೋ ಏನೋ. ಸಭೆ ಮುಗಿದ ಮೇಲೆ ಅವಳಿಗೆ ಬೇರೆಯಾಗಿ ಫೋನ್ ಮಾಡಿ ಕೇಳಿದೆ. ‘ಗೊತ್ತಾಗಲಿ ಅಂತಲೇ ಏಳೂ ಅಲ್ಲೇ ಹಾಕಲು ಹೇಳಿದ್ದು’ ಅಂದಳು. ಎಲ್ಲರೂ ಅವಳ ಹಾಗೆ ಇರುವುದಿಲ್ಲ. ನೀವು ಮಾಡುವುದಾದರೆ ಯೋಚಿಸಿ.

ಖರ್ಚಿನ ವಿಷಯ. ಗೋಳಿಬಜೆ, ಬನ್ಸ್, ಚಾ ಸೇರಿ 520 ರೂಪಾಯಿ, ಹೋಟೆಲಿನ ಬಿಲ್ ಇತ್ತು, ಸಿಕ್ಕಿತು. ಬಸ್ಸು ಆಟೋದ 340 ಸಿಗಲಿಲ್ಲ. ‘ಸಾಮಗ್ರಿ ತರಲು ಪ್ರಯಾಣ’ ಅಂತ ಬರೆದಿದ್ದೆ, ಸಾಮಗ್ರಿಯ ಬಿಲ್ ಎಲ್ಲಿ ಅಂತ ಅಕೌಂಟ್ಸಿನವರು ಕೇಳಿದರು. ಅಜ್ಜಿಯ ಹತ್ತಿರ ಜಿ.ಎಸ್.ಟಿ. ನಂಬರ್ ಇಲ್ಲ.

ಅವಳ ಭಾನುವಾರಕ್ಕೆ ಬದಲಿ ರಜೆ ಕೊಡಿಸಲು ಹೋದಾಗ ಇನ್ನೊಂದು ಫಾರ್ಮು. ರಜಾದಿನ ಕೆಲಸ ಮಾಡುವ ಮೊದಲೇ ಅನುಮತಿ ಪಡೆದಿರಬೇಕು, ಆಮೇಲೆ ಕೇಳಿದರೆ ಆಗುವುದಿಲ್ಲ ಅಂದರು. ಆರು ದಿನ ಮೇಲ್ ಓಡಿತು. ಕೊನೆಗೆ ಮ್ಯಾನೇಜರ್ ‘ಶುಕ್ರವಾರ ಅವಳು ಮನೆಯಿಂದ ಕೆಲಸ ಮಾಡಲಿ, ಏನು ಮಾಡಿದಳು ಅಂತ ನಾನು ಕೇಳುವುದಿಲ್ಲ’ ಅಂದರು. ಕಾಗದದ ಮೇಲೆ ಇನ್ನೂ ಏನೂ ಆಗಿಲ್ಲ.

ಆಟಿ ಮುಗಿಯುವ ಸಂಕ್ರಮಣಕ್ಕೆ ಮೂರು ದಿನ ಇರುವಾಗ ಮಣೆ ತೆಗೆದುಕೊಂಡು ಅಜ್ಜಿ ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ನಾಲ್ಕು ನಾಲ್ಕರ ಹಾಗೆ ಗುಳಿ ತುಂಬಿಸುತ್ತಾ ಬಂದಳು. ಹದಿಮೂರು ತುಂಬಿತು. ಕೊನೆಯದರಲ್ಲಿ ಮೂರೇ. ಬ್ಯಾಗು ಕೊಡವಿದೆ, ಸೀರೆಯ ತುಂಡು ಕೊಡವಿದೆ. ಆಫೀಸಿಗೆ ಫೋನ್ ಮಾಡಿದೆ, ಮೇಜಿನ ಕೆಳಗೆ ನೋಡಿ ಇಲ್ಲ ಅಂದರು. ಅಜ್ಜಿ ಏನೂ ಹೇಳದೆ ಒಳಗೆ ಹೋಗಿ ಒಂದು ಹುಣಸೆ ಬೀಜ ತಂದು ಮೂರರ ಪಕ್ಕ ಇಟ್ಟಳು.

‘ಕೂತುಕೋ’ ಅಂದಳು. ‘ಅಟ್ಟಕ್ಕೆ ಹೋಗುವ ಮೊದಲು ಒಂದಾಟ.’